ಬೆಳೆ ನಮ್ಮದು, ಬೇಳೆ ಯಾರದು?

ನಿವೃತ್ತ ಮಾಸ್ತರರಿಗೆ ಸಮಾರಂಭಗಳಲ್ಲಿ ಮುಂದಿನ ಸಾಲಿನ ಕುರ್ಚಿಯೊಂದು ಸಿಗುತ್ತದೆ; ಅದಕ್ಕೆ ಪ್ರತಿಯಾಗಿ ಎಲ್ಲ ಭಾಷಣಗಳನ್ನೂ ಕೊನೆಯವರೆಗೆ ಕೇಳಬೇಕಾಗುತ್ತದೆ. ಕಳೆದ ಎರಡು ಮೂರು ವರ್ಷಗಳಲ್ಲಿ ಬೀದರ, ಭಾಲ್ಕಿ, ಔರಾದಗಳಲ್ಲಿ ನಾನು ಕೇಳಿದ ಭಾಷಣಗಳಲ್ಲಿ ಒಂದು ವಾಕ್ಯ ತಪ್ಪದೆ ಬರುತ್ತಿದೆ: ತಂತ್ರಜ್ಞಾನದ ನವೋದ್ಯಮಗಳು ನಮ್ಮ ಹಿಂದುಳಿದ ಭಾಗದ ಆರ್ಥಿಕತೆಯನ್ನು ಮೇಲೆತ್ತಲಿವೆ. ಹಿಂದೆ ಇದೇ ಜಾಗದಲ್ಲಿ ‘ಕಂಪ್ಯೂಟರ್ ಶಿಕ್ಷಣ’ ಎಂಬ ಮಾತಿತ್ತು. ಅದಕ್ಕೂ ಹಿಂದೆ ‘ಸಹಕಾರಿ ಸಕ್ಕರೆ ಕಾರ್ಖಾನೆ’ ಇತ್ತು. ಚಪ್ಪಾಳೆ ಮಾತ್ರ ಅಂದಿನಂತೆಯೇ ಇಂದೂ ಬೀಳುತ್ತದೆ. ಈ ವಾಕ್ಯ ಸುಳ್ಳೆಂದು ನಾನು ಹೇಳಲಾರೆ. ಅದು ಅರ್ಧ ವಾಕ್ಯ. ಮೇಲೇಳುವುದು ಯಾವ ಊರಿನ ಆರ್ಥಿಕತೆ ಎಂಬ ಉಳಿದ ಅರ್ಧವನ್ನು ಯಾರೂ ಬಾಯಿ ಬಿಟ್ಟು ಹೇಳದಿರುವುದರಿಂದ ಈ ಲೇಖನವನ್ನು ಬರೆಯಬೇಕಾಯಿತು.

ನನ್ನನ್ನು ಬಲ್ಲ ವಿದ್ಯಾರ್ಥಿಗಳಿಗೆ ನಾನು ಯಂತ್ರದ್ವೇಷಿಯಲ್ಲವೆಂಬುದು ಗೊತ್ತಿದೆ. ಪಹಣಿಯ ಕತೆಯನ್ನೇ ನೋಡಿ. ಒಂದು ಉತಾರ ಬೇಕೆಂದರೆ ರೈತನು ಗ್ರಾಮಲೆಕ್ಕಿಗರ ಮನೆಗೆ ಎಷ್ಟು ಸಲ ಎಡತಾಕಬೇಕಾಗಿತ್ತೆಂಬುದನ್ನು ಡಾಬಕಾದ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದು, ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಕಾಗದ ಕೈಗೆ ಬರುವಂತಾಯಿತು. ಔರಾದಿನ ರೈತನ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ಉಳಿಯಿತಲ್ಲ, ಅದು ನಿಜವಾದ ಲಾಭ. ಆದುದರಿಂದ ತಂತ್ರಜ್ಞಾನ ಬೇಕೋ ಬೇಡವೋ ಎಂಬ ಚರ್ಚೆಯನ್ನು ನಾನಿಲ್ಲಿ ಎತ್ತುತ್ತಿಲ್ಲ. ನನ್ನ ತಕರಾರು ಇರುವುದು ಲೆಕ್ಕ ಹಾಕುವ ವಿಧಾನದ ಬಗ್ಗೆ.

2025ರ ನವೆಂಬರಿನಲ್ಲಿ ರಾಜ್ಯ ಸಂಪುಟವು 2025–30ರ ನವೋದ್ಯಮ ನೀತಿಗೆ ಒಪ್ಪಿಗೆ ನೀಡಿತು. ಐದು ವರ್ಷಗಳಲ್ಲಿ 25,000 ನವೋದ್ಯಮಗಳು, ಅವುಗಳಲ್ಲಿ 10,000 ಬೆಂಗಳೂರಿನ ಹೊರಗೆ ಎಂಬುದು ಅದರ ಗುರಿ. ಕೇಳಲು ಬಹಳ ಇಂಪಾಗಿದೆ. ಆದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜೂನ್ ತಿಂಗಳಿನಲ್ಲಿ ದಾಖಲಾತಿ ಆಂದೋಲನ ಮಾಡಿದವನು ನಾನು. ಹಾಜರಿ ಪುಸ್ತಕದಲ್ಲಿ ಹೆಸರು ಹೆಚ್ಚಿಸುವುದು ಎಷ್ಟು ಸುಲಭ, ಮಾರ್ಚಿನವರೆಗೆ ಆ ಮಕ್ಕಳನ್ನು ತರಗತಿಯಲ್ಲಿ ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದನ್ನು ಬಲ್ಲೆ. ಕಂಪನಿಗಳ ಸಂಖ್ಯೆಯು ದಾಖಲಾತಿ ಪಟ್ಟಿ ಇದ್ದಂತೆ. ಒಂದು ಪ್ರದೇಶಕ್ಕೆ ಒಂದು ಉದ್ಯಮದಿಂದ ಏನು ದೊರೆಯಿತೆಂದು ತಿಳಿಯಬೇಕಾದರೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಸಂಬಳ ಯಾವ ಊರಿನಲ್ಲಿ ಬಟವಾಡೆಯಾಗುತ್ತದೆ? ಸಾಮಾನನ್ನು ಯಾವ ಊರಿನ ಅಂಗಡಿಯಿಂದ ಕೊಳ್ಳುತ್ತಾರೆ? ಅಲ್ಲಿ ಕೆಲಸ ಕಲಿತ ಹುಡುಗ ಮುಂದೆ ತನ್ನದೇ ಅಂಗಡಿ ತೆರೆಯುವುದಾದರೆ ಯಾವ ಊರಿನಲ್ಲಿ ತೆರೆಯುತ್ತಾನೆ?

ಈ ಪ್ರಶ್ನೆಗಳನ್ನು ಬೆಂಗಳೂರಿಗೆ ಕೇಳಿದರೆ ಉತ್ತರ ಭರ್ಜರಿಯಾಗಿಯೇ ಇದೆ. ಪುಣೆಯಲ್ಲಿ 1981ರಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಅಲ್ಲಿಗೆ ಬಂದಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಿತು. 2007ರಲ್ಲಿ ಆರಂಭವಾದ ಫ್ಲಿಪ್‌ಕಾರ್ಟಿನ 77 ಪ್ರತಿಶತ ಪಾಲನ್ನು 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ 1,600 ಕೋಟಿ ಡಾಲರಿಗೆ ಕೊಂಡಿತು. ಹಣ ಪಡೆದವರಲ್ಲಿ ಹಲವರು ಮತ್ತೆ ಹೊಸ ಕಂಪನಿಗಳಿಗೆ ಬಂಡವಾಳ ಹಾಕಿದರು. ಅವುಗಳಲ್ಲಿ ಬಹುಪಾಲು ಬೆಂಗಳೂರಿನವೇ. ಒಂದು ದೀಪದಿಂದ ಇನ್ನೊಂದು ದೀಪ ಹೊತ್ತಿತು, ಆದರೆ ಎಲ್ಲ ದೀಪಗಳೂ ಒಂದೇ ಮನೆಯಲ್ಲಿದ್ದವು. ಇಂದು ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತದೆ. ತಲಾ ಆದಾಯದ ಪಟ್ಟಿಯಲ್ಲಿ ನಮ್ಮ ಬೀದರ, ಕಲಬುರಗಿ, ಯಾದಗಿರಿಗಳು ಕೊನೆಯ ಬೆಂಚಿನಲ್ಲಿ ಕುಳಿತಿವೆ. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿಯು ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ನಮ್ಮ ಗುಲಬರ್ಗಾ ವಿಭಾಗದವೇ ಆಗಿದ್ದವು. ಅಂದರೆ ನವೋದ್ಯಮಗಳು ಪ್ರದೇಶವನ್ನು ಬೆಳೆಸುತ್ತವೆಂಬುದಕ್ಕೆ ಕರ್ನಾಟಕವೇ ದೊಡ್ಡ ಸಾಕ್ಷಿ. ತಾವು ಕುಳಿತ ಪ್ರದೇಶವನ್ನು ಮಾತ್ರ ಬೆಳೆಸುತ್ತವೆಂಬುದಕ್ಕೂ ಕರ್ನಾಟಕವೇ ಸಾಕ್ಷಿ.

(ಕಂಪನಿಯ ‘ಮೌಲ್ಯ’ವನ್ನು ಬೆಳವಣಿಗೆಯೆಂದು ತಿಳಿಯುವವರಿಗೆ ಒಂದು ಮಾತು. ಮಕ್ಕಳಿಗೆ ಮೊಬೈಲಿನಲ್ಲಿ ಪಾಠ ಹೇಳುವ ಬೈಜೂಸ್ ಕಂಪನಿಯ ಬೆಲೆಯನ್ನು 2022ರಲ್ಲಿ 2,200 ಕೋಟಿ ಡಾಲರೆಂದು ಕಟ್ಟಿದ್ದರು. 2024ರ ಜುಲೈನಲ್ಲಿ ಅದು ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಪಾಠ ಹೇಳುವ ಕಸುಬಿನಲ್ಲಿ ಅಷ್ಟು ಹಣವಿದೆಯೆಂದು ನಮಗೆ ಬಿ.ಎಡ್. ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.)

‘ನಮ್ಮ ಮಕ್ಕಳು ಬೆಂಗಳೂರಿನಿಂದ ಹಣ ಕಳಿಸುತ್ತಾರಲ್ಲ, ಅದು ಈ ಭಾಗದ ಬೆಳವಣಿಗೆಯಲ್ಲವೇ?’ ಎಂದು ನನ್ನ ಬಂಧುಗಳೇ ಕೇಳುತ್ತಾರೆ. ಹಣ ಬರುತ್ತದೆ, ನಿಜ. ಆ ಹಣದಿಂದ ಬೀದರಿನಲ್ಲಿ ಪ್ಲಾಟು ಕೊಳ್ಳುತ್ತೇವೆ, ಊರಿನಲ್ಲಿ ಎರಡಂತಸ್ತಿನ ಮನೆ ಕಟ್ಟುತ್ತೇವೆ, ಮದುವೆಗೆ ದೊಡ್ಡ ಮಂಗಲ ಕಾರ್ಯಾಲಯ ಹಿಡಿಯುತ್ತೇವೆ. ಪ್ಲಾಟಿನ ಬೆಲೆ ಏರುತ್ತದೆ, ಇಲ್ಲಿಯೇ ದುಡಿಯುವವನಿಗೆ ಅದು ಕೈಗೆಟುಕದಂತಾಗುತ್ತದೆ. ಮನೆಗೆ ಬೀಗ ಬೀಳುತ್ತದೆ. ಮುದುಕ ಮುದುಕಿ ಕೆಳಗಿನ ಒಂದು ಕೋಣೆಯಲ್ಲಿರುತ್ತಾರೆ. 1980ರ ದಶಕದ ಆರಂಭದಿಂದಲೇ ಬೀದರ ಮತ್ತು ಭಾಲ್ಕಿಗಳಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ನಲವತ್ತು ವರ್ಷಗಳಿಂದ ಇಂಜಿನಿಯರುಗಳನ್ನು ತಯಾರಿಸುತ್ತಿದ್ದೇವೆ. ಅವರೆಲ್ಲಿ? ನಾಂದೇಡ ರೈಲಿನಲ್ಲಿಯೋ ಯಶವಂತಪುರ ರೈಲಿನಲ್ಲಿಯೋ ಹಬ್ಬಕ್ಕೆ ಬರುತ್ತಾರೆ, ಹಬ್ಬ ಮುಗಿಸಿ ಹೋಗುತ್ತಾರೆ. ಇತ್ತೀಚೆಗೆ ಓದು ಅರ್ಧಕ್ಕೆ ಬಿಟ್ಟ ಹುಡುಗರೂ ಹೋಗುತ್ತಿದ್ದಾರೆ, ಬೈಕಿನ ಹಿಂದೆ ಚೌಕ ಚೀಲ ಕಟ್ಟಿಕೊಂಡು ಮನೆಮನೆಗೆ ಊಟ ತಲುಪಿಸಲು. ಅಂಥವರ ಸಾಮಾಜಿಕ ಭದ್ರತೆಗೆ ರಾಜ್ಯವು 2025ರಲ್ಲಿ ಕಾಯ್ದೆ ತಂದಿತು, ಒಳ್ಳೆಯದೇ ಆಯಿತು. ಆದರೆ ಔರಾದಿನ ಹುಡುಗ ಬೆಂಗಳೂರಿನ ಸಿಗ್ನಲ್ಲಿನಲ್ಲಿ ನಿಂತು ಗಳಿಸುವುದನ್ನು ಔರಾದಿನ ಅಭಿವೃದ್ಧಿಯೆಂದು ಕರೆಯಲು ನನ್ನ ನಾಲಿಗೆ ಒಪ್ಪುವುದಿಲ್ಲ.

ಈಗ ತೊಗರಿಗೆ ಬರೋಣ. ಮಾತು ದಾರಿ ತಪ್ಪುತ್ತಿದೆಯೆಂದು ತಿಳಿಯಬೇಡಿ, ವಿಷಯದ ತಿರುಳು ಇಲ್ಲಿಯೇ ಇದೆ. ನಮ್ಮ ಹೊಲಗಳಲ್ಲಿ ಸೋಯಾ, ಉದ್ದು, ಹೆಸರು ಬೆಳೆಯುತ್ತವೆ. ಜೂನ್–ಜುಲೈನಲ್ಲಿ ಬಿತ್ತಿದ ತೊಗರಿ ಡಿಸೆಂಬರ್–ಜನವರಿಗೆ ರಾಶಿಗೆ ಬರುತ್ತದೆ. ನೂರು ಕಿಲೋ ತೊಗರಿಯನ್ನು ಮಿಲ್ಲಿನಲ್ಲಿ ಒಡೆದರೆ ಸುಮಾರು 70ರಿಂದ 75 ಕಿಲೋ ಬೇಳೆ ಬರುತ್ತದೆ. ಉಳಿದದ್ದು ಹೊಟ್ಟು, ನುಚ್ಚು, ಪುಡಿ. ಅದು ಕಸವಲ್ಲ, ದನಗಳಿಗೆ ಉತ್ತಮ ಆಹಾರ. ಬೀದರಿನಲ್ಲಿ ದಾಲ್ ಮಿಲ್ಲುಗಳು ಇಲ್ಲವೆಂದಲ್ಲ, ಕಲಬುರಗಿಯಲ್ಲಿ ಸಾಕಷ್ಟಿವೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಆದರೂ ನಮ್ಮ ತಾಲ್ಲೂಕಿನ ರೈತನ ಎಷ್ಟೋ ಚೀಲಗಳು ಕಾಳಾಗಿಯೇ ಗಡಿ ದಾಟಿ ಉದಗೀರಕ್ಕೆ, ಅಲ್ಲಿಂದಾಚೆಗೆ ಹೋಗುತ್ತವೆ. ಬಳಿಕ ಬೇಳೆಯು ಪ್ಯಾಕೆಟಿನಲ್ಲಿ ನಮ್ಮ ಕಿರಾಣಿ ಅಂಗಡಿಗೆ ಮರಳುತ್ತದೆ, ಹೊಟ್ಟು ಪಶು ಆಹಾರದ ಚೀಲದಲ್ಲಿ ಮರಳುತ್ತದೆ. ಎರಡಕ್ಕೂ ನಾವೇ ಬೆಲೆ ತೆರುತ್ತೇವೆ. ನಮ್ಮ ಇಂಜಿನಿಯರು ಹುಡುಗರ ಕತೆಯೂ ಇದೇ ಅಲ್ಲವೇ? ಕಾಳಾಗಿ ಕಳಿಸುತ್ತೇವೆ, ಅವರು ಮಾಡಿದ ಮೊಬೈಲ್ ತಂತ್ರಾಂಶವು ತಿಂಗಳ ಚಂದಾ ಕೇಳಿಕೊಂಡು ನಮ್ಮ ಜೇಬಿಗೇ ಬರುತ್ತದೆ.

ಊರಿನ ಬೆಳೆ ಊರಿನಲ್ಲಿಯೇ ಬೇಳೆಯಾಗುವ ಉದ್ಯಮ ಸಾಧ್ಯವೇ ಎಂದರೆ ಸಾಧ್ಯವೆಂದು ಇತಿಹಾಸ ಹೇಳುತ್ತದೆ. ನವೋದ್ಯಮವೆಂಬ ಶಬ್ದ ಹುಟ್ಟುವುದಕ್ಕೆ ಬಹಳ ಮೊದಲೇ, ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು, ಅಲ್ಲಿಂದ ಕಬ್ಬಿಣದ ನೇಗಿಲಿನತ್ತ ಹೊರಳಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹೆದರಿದರಂತೆ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ. ಬೆಳಗಾವಿಯಲ್ಲಿ ಜಾಗ ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ರಾಜರು ಕರೆದು ಭೂಮಿ ಕೊಟ್ಟರು, ಸಾಲ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದು ನಿಂತಿತು. ಬೆಳಗಾವಿ ಕಳೆದುಕೊಂಡದ್ದನ್ನು ಒಂದು ಸಣ್ಣ ಸಂಸ್ಥಾನ ಗಳಿಸಿಕೊಂಡಿತು. ಭಾಷಣ ಮಾಡುವವರು ಸಿಲಿಕಾನ್ ಕಣಿವೆಯ ಗ್ಯಾರೇಜುಗಳ ಕತೆ ಬಿಟ್ಟು ಒಮ್ಮೆಯಾದರೂ ಈ ಕತೆ ಹೇಳಬಾರದೇ?

ತೀರ ಹಳೆಯದಾಯಿತೆನ್ನುವವರಿಗೆ ಹೊಸ ಉದಾಹರಣೆಗಳೂ ಇವೆ. ಉಡುಪಿಯಲ್ಲಿ 1996ರಲ್ಲಿ ಆರಂಭವಾದ ರೋಬೋಸಾಫ್ಟ್ ಎಂಬ ತಂತ್ರಾಂಶ ಕಂಪನಿಯನ್ನು 2021ರಲ್ಲಿ ಜಪಾನಿನ ಕಂಪನಿಯೊಂದು ಕೊಂಡಿತು. ಮಾಲೀಕತ್ವ ಕೈ ಬದಲಾಯಿಸಿತು. ಆದರೆ ಅಷ್ಟು ಹೊತ್ತಿಗೆ ಇಪ್ಪತ್ತೈದು ವರ್ಷ ಉಡುಪಿಯ ಓಣಿಗಳಲ್ಲಿ ಸಂಬಳದ ಹಣ ಓಡಾಡಿತ್ತು. ತಮಿಳುನಾಡಿನ ಜೋಹೋ ಕಂಪನಿ 2011ರಲ್ಲಿ ತೆಂಕಾಶಿಯ ಹಳ್ಳಿಗಾಡಿನಲ್ಲಿ ಕಚೇರಿ ತೆರೆದು ಆ ಸುತ್ತಿನ ಮಕ್ಕಳಿಗೇ ಕೆಲಸ ಕಲಿಸಿತು. ನಮ್ಮ ರಾಜ್ಯದಲ್ಲೇ 1995ರಲ್ಲಿ ಹರೀಶ್ ಹಂದೆಯವರು ಜೊತೆಗೂಡಿ ಕಟ್ಟಿದ ಸೆಲ್ಕೋ ಸಂಸ್ಥೆ ಹಳ್ಳಿಯ ಮನೆಗಳಿಗೆ ಸೌರದೀಪ ಹಾಕಿತು. ದೀಪ ಮಾರಿ ಕೈತೊಳೆದುಕೊಳ್ಳದೆ ಊರೂರಿನಲ್ಲಿ ಶಾಖೆ ತೆರೆದು ದುರಸ್ತಿಗೆ ಸ್ಥಳೀಯ ಹುಡುಗರನ್ನಿಟ್ಟಿತು, ಬ್ಯಾಂಕಿನಿಂದ ಸಾಲ ಕೊಡಿಸಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಹಲವರಿಗೆ ನೆನಪಿರಬಹುದು. ಆ ದುರಸ್ತಿ ಹುಡುಗನ ಸಂಬಳ ನನಗೆ ಪ್ರಶಸ್ತಿಗಿಂತ ಮುಖ್ಯವಾಗಿ ತೋರುತ್ತದೆ.

ಹಾಗಾದರೆ ಬೀದರಿನಲ್ಲೇಕೆ ಆಗುತ್ತಿಲ್ಲ? ‘ನಮ್ಮ ಹುಡುಗರಲ್ಲಿ ಧೈರ್ಯವಿಲ್ಲ’ ಎಂದು ವೇದಿಕೆಯಿಂದ ಹೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಧೈರ್ಯ ಮಾಡಿದವನೊಬ್ಬನ ಗತಿಯನ್ನು ನಾನು ಹತ್ತಿರದಿಂದ ನೋಡುತ್ತಿದ್ದೇನೆ. ಆತ ನನ್ನ ವಿದ್ಯಾರ್ಥಿ. ಬೆಂಗಳೂರಿನಲ್ಲಿ ಅಳತೆಯ ಉಪಕರಣ ಮಾಡುವ ಕಂಪನಿಯಲ್ಲಿ ಒಂಬತ್ತು ವರ್ಷ ದುಡಿದು, ಮೂರು ವರ್ಷದ ಹಿಂದೆ ಕೆಲಸ ಬಿಟ್ಟು ಬಂದು ಭಾಲ್ಕಿಯಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದ. ನಮ್ಮ ಅಡತಿ ಅಂಗಡಿಗಳಲ್ಲಿ ತೊಗರಿಯ ದರ ಹೇಗೆ ನಿಶ್ಚಯವಾಗುತ್ತದೆಂಬುದನ್ನು ನೀವೆಲ್ಲ ನೋಡಿದ್ದೀರಿ. ಒಂದು ಮುಷ್ಟಿ ಕಾಳು ಅಂಗೈಯಲ್ಲಿ ಹರಡಿ, ಎರಡು ಕಾಳು ಹಲ್ಲಿನಲ್ಲಿ ಕಡಿದು, ‘ಹಸಿ ಅದ’ ಎಂದರೆ ಕ್ವಿಂಟಲಿಗೆ ಇಷ್ಟು ಕಡಿತ. ಸರಕಾರದ ಖರೀದಿ ಕೇಂದ್ರದಲ್ಲಿಯೂ ತೇವಾಂಶ 12 ಪ್ರತಿಶತ ಮೀರಿದರೆ ಚೀಲ ವಾಪಸು. ರೈತನ ಬಳಿ ತನ್ನ ಕಾಳಿನ ತೇವ ಎಷ್ಟೆಂದು ತಿಳಿಯುವ ಸಾಧನವಿಲ್ಲ. ಈ ಹುಡುಗ ಮಾಡಿದ್ದು ಊಟದ ಡಬ್ಬಿಯಷ್ಟು ದೊಡ್ಡದಾದ ಒಂದು ಪೆಟ್ಟಿಗೆ. ತಟ್ಟೆಯಲ್ಲಿ ಕಾಳು ಸುರಿದರೆ ತೇವಾಂಶವನ್ನು ಅಳೆಯುತ್ತದೆ, ಮೇಲಿನ ಕ್ಯಾಮೆರಾ ಒಡೆದ ಕಾಳು, ಹುಳು ಹಿಡಿದ ಕಾಳು, ಕಸಗಳನ್ನು ಎಣಿಸುತ್ತದೆ, ಫಲಿತಾಂಶವನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ತೋರಿಸುತ್ತದೆ. ಐಟಿಐ ಓದಿದ ಇಬ್ಬರು ಹುಡುಗರೂ ಡಿಪ್ಲೊಮಾ ಮುಗಿಸಿದ ನಮ್ಮೂರಿನ ಒಬ್ಬ ಹುಡುಗಿಯೂ ಅವನಲ್ಲಿ ಕೆಲಸಕ್ಕಿದ್ದಾರೆ.

ಅವನು ತನ್ನ ಯಂತ್ರವನ್ನು ಹಿಡಿದುಕೊಂಡು ಒಂದು ಕಚೇರಿಗೆ ಹೋದ. ಹೆಸರು ಬೇಡ. ‘ಮೂರು ವರ್ಷದ ವಹಿವಾಟಿನ ಲೆಕ್ಕ ತೋರಿಸು, ಈ ಹಿಂದೆ ಯಾವ ಸರಕಾರಿ ಸಂಸ್ಥೆಗೆ ಪೂರೈಸಿದ್ದೀ ಅದರ ಪತ್ರ ತೋರಿಸು’ ಎಂದರು. ಹೊಸದಾಗಿ ಹುಟ್ಟಿದ ಉದ್ಯಮದ ಬಳಿ ಹಳೆಯ ವಹಿವಾಟು ಇರಲು ಹೇಗೆ ಸಾಧ್ಯ? ಒಂದನೆಯ ತರಗತಿಗೆ ಸೇರಬೇಕಾದರೆ ಎರಡನೆಯ ತರಗತಿಯ ಅಂಕಪಟ್ಟಿ ತಾ ಎಂದಂತಾಯಿತು. ನವೋದ್ಯಮಗಳಿಗೆ ಹಿಂದಿನ ಅನುಭವ ಮತ್ತು ವಹಿವಾಟಿನ ಷರತ್ತನ್ನು ಸಡಿಲಿಸಬಹುದೆಂದು ಕೇಂದ್ರ ಸರಕಾರ 2016ರಲ್ಲಿಯೇ ಆದೇಶ ಹೊರಡಿಸಿದೆ. ಆದೇಶ ಕಡತದಲ್ಲಿರುತ್ತದೆ, ಕಡತ ಕಪಾಟಿನಲ್ಲಿರುತ್ತದೆ, ಕಪಾಟಿನ ಕೀಲಿ ಯಾರಲ್ಲಿದೆಯೋ ಅವರು ರಜೆಯ ಮೇಲಿರುತ್ತಾರೆ. ಅದೇ ವರ್ಷ ಒಂದು ಸಂಸ್ಥೆ ಅವನನ್ನು ಕರೆದು ಶಾಲು ಹೊದಿಸಿ ಸನ್ಮಾನಿಸಿತು. ಶಾಲುಗಳು ಅವನಲ್ಲಿ ಈಗ ಮೂರಾಗಿವೆ. ಖರೀದಿ ಆದೇಶ ಒಂದೂ ಇಲ್ಲ.

ನನ್ನ ವಾದವನ್ನು ಇಲ್ಲಿ ನೇರವಾಗಿಯೇ ಹೇಳಿಬಿಡುತ್ತೇನೆ. ಹಿಂದುಳಿದ ಪ್ರದೇಶದ ನವೋದ್ಯಮಕ್ಕೆ ಸರಕಾರ ಅನುದಾನ, ತರಬೇತಿ, ಸ್ಪರ್ಧೆ, ಬಹುಮಾನಗಳನ್ನು ಕೊಡುವುದಕ್ಕಿಂತ ಮೊದಲು ಅದರ ಗಿರಾಕಿಯಾಗಬೇಕು. ಬಹುಮಾನದ ಹಣ ಒಮ್ಮೆ ಬಂದು ಮುಗಿಯುತ್ತದೆ. ಗಿರಾಕಿ ಸಿಕ್ಕರೆ ಬ್ಯಾಂಕು ಸಾಲ ಕೊಡುತ್ತದೆ, ಯಂತ್ರದ ದೋಷ ಬೆಳಕಿಗೆ ಬಂದು ತಿದ್ದಲು ಅವಕಾಶವಾಗುತ್ತದೆ, ಎರಡನೆಯ ಗಿರಾಕಿ ಮೊದಲನೆಯವನನ್ನು ನೋಡಿ ಬರುತ್ತಾನೆ. 371 ಜೆ ವಿಧಿಯ ಫಲವಾಗಿ ನಮ್ಮ ಭಾಗಕ್ಕೆಂದೇ ಪ್ರದೇಶಾಭಿವೃದ್ಧಿ ಮಂಡಳಿಯಿದೆ. 2023–24 ಮತ್ತು 2024–25ರ ಬಜೆಟ್ಟುಗಳಲ್ಲಿ ಅದಕ್ಕೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸಿದರು. ರಸ್ತೆ, ಶಾಲಾ ಕೋಣೆ, ಆಸ್ಪತ್ರೆಗಳಿಗೆ ಅದು ಬೇಕೇ ಬೇಕು. ಆದರೆ ಅದರ ನೂರರಲ್ಲಿ ಒಂದು ಪಾಲನ್ನು, ಎಂದರೆ 50 ಕೋಟಿಯನ್ನು, ಈ ಏಳು ಜಿಲ್ಲೆಗಳಲ್ಲಿ ತಯಾರಾಗುವ, ಇಲ್ಲಿಯೇ ಸಂಬಳ ಹಂಚುವ ಸಣ್ಣ ತಾಂತ್ರಿಕ ಉದ್ಯಮಗಳಿಂದ ಸಾಮಾನು ಕೊಳ್ಳಲು ಮೀಸಲಿಡಬಾರದೇ? ಮಾರುಕಟ್ಟೆಗಳಿಗೆ ತೇವ ಅಳೆಯುವ ಯಂತ್ರ, ಹಾಲಿನ ಸಂಘಗಳಿಗೆ ಪರೀಕ್ಷಾ ಉಪಕರಣ, ಶಾಲೆಗಳಿಗೆ ವಿಜ್ಞಾನದ ಸಾಮಗ್ರಿ. ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರಿನಲ್ಲೇ ಇದೆ, ದೇವಣಿ ದನ ನಮ್ಮ ಗಡಿಯ ತಳಿ. ಹಾಲಿನ ತಂತ್ರಜ್ಞಾನದ ಕಂಪನಿ ಮಾತ್ರ ಬೆಂಗಳೂರಿನಲ್ಲಿ ಹುಟ್ಟುತ್ತದೆ.

ಕೆಲವರಿಗೆ ಇದು ಚಿಲ್ಲರೆ ಲೆಕ್ಕವೆನಿಸಬಹುದು. ಒಂದು ಸಣ್ಣ ಉದ್ಯಮದಲ್ಲಿ ಇಪ್ಪತ್ತು ಜನರಿದ್ದು ತಲಾ 20,000 ರೂಪಾಯಿ ಸಂಬಳವೆಂದಿಟ್ಟುಕೊಳ್ಳಿ. ತಿಂಗಳಿಗೆ 4 ಲಕ್ಷ, ವರ್ಷಕ್ಕೆ 48 ಲಕ್ಷ. ಬೆಂಗಳೂರಿನ ಒಂದು ಗಾಜಿನ ಕಟ್ಟಡಕ್ಕೆ ಇದು ಲೆಕ್ಕಕ್ಕಿಲ್ಲ. ಭಾಲ್ಕಿಯ ಪೇಟೆಗೆ 48 ಲಕ್ಷವೆಂದರೆ ಒಂದು ಖಾನಾವಳಿ, ಎರಡು ಕಿರಾಣಿ ಅಂಗಡಿ, ಒಬ್ಬ ದರ್ಜಿ, ಹತ್ತಾರು ಬಾಡಿಗೆ ಕೋಣೆಗಳು. ಇಪ್ಪತ್ತು ಮುದುಕ ಮುದುಕಿಯರ ಪಕ್ಕದಲ್ಲಿ ರಾತ್ರಿ ಒಬ್ಬ ಮಗನೋ ಮಗಳೋ ಇರುತ್ತಾರೆಂಬುದನ್ನು ಯಾವ ಆರ್ಥಿಕ ಸಮೀಕ್ಷೆಯೂ ಬರೆಯುವುದಿಲ್ಲ.

ಇನ್ನು ಸರಕಾರವನ್ನಷ್ಟೇ ಬೈದು ಸುಮ್ಮನಾಗಲಾರೆ. ಮನೆಯೊಳಗಿನ ಮಾತೂ ಇದೆ. ಆ ಹುಡುಗನ ತಂದೆ ಒಂದು ದಿನ ನನ್ನ ಬಳಿ ಬಂದು, ‘ಸರ್, ನೀವೇ ಹೇಳ್ರಿ ಅವನಿಗಿ. ಬೆಂಗಳೂರಾಗಿನ ಛಲೋ ನೌಕರಿ ಬಿಟ್ಟು ಇಲ್ಲಿ ಬಂದು ತೊಗರಿ ಅಳೀತಾನಂತ. ಕನ್ಯಾ ಕೊಡೋರು ಏನಂತಾರ್ರಿ?’ ಎಂದರು. ಕನ್ಯೆ ಕೊಡುವವರು ಅಂದದ್ದೂ ಅದನ್ನೇ. ಎರಡು ಸಂಬಂಧಗಳು ‘ಹುಡುಗ ಊರಾಗೇ ಇರ್ತಾನ’ ಎಂಬ ಒಂದೇ ಕಾರಣಕ್ಕೆ ತಪ್ಪಿಹೋದವು. ಬೆಂಗಳೂರಿನಲ್ಲಿ ಹತ್ತು ಬೈ ಹತ್ತರ ಕೋಣೆಯಲ್ಲಿ ಮೂವರೊಂದಿಗೆ ಇರುವವನು ಯೋಗ್ಯ ವರ. ಭಾಲ್ಕಿಯಲ್ಲಿ ಮೂವರಿಗೆ ಸಂಬಳ ಕೊಡುವವನು ಕೆಲಸಗೇಡಿ. ಈ ತಕ್ಕಡಿಯನ್ನು ಯಾವ ನೀತಿಯೂ ಸರಿಪಡಿಸಲಾರದು. ಅದನ್ನು ಹಿಡಿದಿರುವವರು ನಾವೇ, ನನ್ನ ಬಂಧುಗಳೇ.

‘ಬೆಂಗಳೂರು ದೂರವಾಯಿತು, ಹೈದರಾಬಾದಿದೆಯಲ್ಲ’ ಎನ್ನುವವರೂ ಇದ್ದಾರೆ. ಹೌದು, ಮೂರು ಗಂಟೆಯ ದಾರಿ. 1956ರವರೆಗೆ ನಮ್ಮ ರಾಜಧಾನಿಯೂ ಅದೇ. ಅಲ್ಲಿ 2015ರಲ್ಲಿ ಆರಂಭವಾದ ಟಿ–ಹಬ್ 2022ರಲ್ಲಿ ದೊಡ್ಡ ಕಟ್ಟಡಕ್ಕೆ ಹೋಯಿತು. ಅಲ್ಲಿನ ಬಿಡಿಭಾಗಗಳ ಪೇಟೆ ನಮಗೆ ಉಪಯುಕ್ತ. ನನ್ನ ವಿದ್ಯಾರ್ಥಿಯೂ ಸಾಮಾನು ತರುವುದು ಅಲ್ಲಿಂದಲೇ. ಸಾಮಾನು ಅಲ್ಲಿಂದ ಬರಲಿ, ಹುಡುಗರು ಇಲ್ಲಿರಲಿ ಎಂಬಷ್ಟೇ ನನ್ನ ಬೇಡಿಕೆ.

ದೊಡ್ಡ ಕಂಪನಿಗಳಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ಕೆಲಸ ಕೇಳುತ್ತೇನೆ, ದೇಣಿಗೆಯಲ್ಲ. ಆ ಹುಡುಗನ ಯಂತ್ರ ಉದ್ದಿನ ಕಾಳಿನ ಮೇಲೆ ಇನ್ನೂ ತಪ್ಪು ಎಣಿಕೆ ಮಾಡುತ್ತದೆ; ಕಪ್ಪು ಕಾಳಿನಲ್ಲಿ ಹುಳುವಿನ ತೂತು ಕ್ಯಾಮೆರಾಕ್ಕೆ ಕಾಣಿಸುವುದಿಲ್ಲವಂತೆ. ಇಂಥ ಕೆಲಸ ಬಲ್ಲವರು ನಿಮ್ಮಲ್ಲಿದ್ದರೆ ಎರಡು ರವಿವಾರ ಅವನೊಂದಿಗೆ ಕುಳಿತುಕೊಳ್ಳಿ. ಔರಾದ, ಕಮಲನಗರ ಕಡೆ ದಾಲ್ ಮಿಲ್ಲು ಅಥವಾ ಅಡತಿ ಅಂಗಡಿ ಇರುವ ಬಂಧುಗಳು ಜನವರಿಯಲ್ಲಿ ಒಂದು ವಾರ ಅವನ ಪೆಟ್ಟಿಗೆಯನ್ನು ನಿಮ್ಮ ಕಾಂಟಾದ ಪಕ್ಕದಲ್ಲಿ ಇಡಲು ಬಿಡಿ. ಒಂದು ಮೇಜು, ಒಂದು ಪ್ಲಗ್ ಸಾಕು. ಕರೆಂಟು ಹೋದರೆ ನಾಲ್ಕು ತಾಸು ಬ್ಯಾಟರಿಯ ಮೇಲೆ ನಡೆಯುತ್ತದೆ. ಮೊದಲ ಮೂರು ದಿನ ನಾನೇ ಬಂದು ಪಕ್ಕದಲ್ಲಿ ಕುಳಿತು ಲೆಕ್ಕ ಬರೆದುಕೊಳ್ಳುತ್ತೇನೆ.